ಅತಿಥಿಗಳು ಬಿಟ್ಟುಹೋದ ಕಲೆಗಳಿಗೆ ಕ್ಲೋರಿನ್ ಬ್ಲೀಚೋ, ಆಕ್ಸಿಜನ್ ಬ್ಲೀಚೋ?

ಮನೆಯನ್ನು ಅಲ್ಪಾವಧಿ ಬಾಡಿಗೆಗೆ ಕೊಡುವವರು ಒಬ್ಬ ಅತಿಥಿ ಹೊರಟು ಮತ್ತೊಬ್ಬರು ಬರುವ ನಡುವಿನ ಕೆಲವೇ ಗಂಟೆಗಳಲ್ಲಿ ಹಾಸಿಗೆ ಬಟ್ಟೆಯನ್ನು ಸಿದ್ಧಪಡಿಸಬೇಕಾಗುವುದರಿಂದ, ಬೇಗ ಕೆಲಸ ಮಾಡುವ ಕ್ಲೋರಿನ್ ಬ್ಲೀಚಿನತ್ತ ಕೈ ಚಾಚುವುದು ಸಹಜ. ಬಿಳಿ ಹತ್ತಿಯ ಮೇಲೆ ಅದು ನಿಮಿಷಗಳಲ್ಲೇ ಪರಿಣಾಮ ತೋರಿಸುತ್ತದೆ. ಆದರೆ ಪದೇ ಪದೇ ಬಳಸಿದರೆ ನೂಲು ದುರ್ಬಲಗೊಳ್ಳುತ್ತದೆ, ಬಣ್ಣದ ಬಟ್ಟೆ ಹಾಳಾಗುತ್ತದೆ. ಸನ್‌ಸ್ಕ್ರೀನಿನಲ್ಲಿರುವ ಅವೊಬೆಂಜೋನ್ ನೀರಿನ ಕಬ್ಬಿಣದೊಂದಿಗೆ ಸೇರಿ ಮೂಡಿಸುವ ತುಕ್ಕಿನಂಥ ಕಲೆಯಂತೂ ಇದರಿಂದ ಹೋಗುವ ಬದಲು ಗಾಢವಾಗುತ್ತದೆ. ವಿನೆಗರ್ ಅಥವಾ ಅಮೋನಿಯಾದೊಂದಿಗೆ ಬೆರೆತರೆ ವಿಷಾನಿಲ ಹೊರಬರುತ್ತದೆ ಎಂಬುದನ್ನು ಸ್ವಚ್ಛತೆಯ ಕೆಲಸದವರಿಗೆ ತಪ್ಪದೆ ತಿಳಿಸಬೇಕು.

ಸೋಡಿಯಂ ಪರ್‌ಕಾರ್ಬೊನೇಟ್ ಇರುವ ಆಕ್ಸಿಜನ್ ಬ್ಲೀಚ್ ನಿಧಾನ: ಸುಮಾರು 40ರಿಂದ 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಬಟ್ಟೆಯನ್ನು ಕೆಲವು ಗಂಟೆ ನೆನೆಸಬೇಕು. ಕಾಫಿ, ಚಹಾ, ವೈನ್ ಕಲೆಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ, ಬಣ್ಣ ಗಟ್ಟಿಯಾಗಿರುವ ಬಟ್ಟೆಗೂ ಸಾಮಾನ್ಯವಾಗಿ ಸುರಕ್ಷಿತ. ಉಣ್ಣೆ, ರೇಷ್ಮೆಗೆ ಎರಡೂ ಬೇಡ.

ರಕ್ತದ ಕಲೆಗೆ ಮಾತ್ರ ಮೊದಲು ತಣ್ಣೀರು, ಬಳಿಕ ಕಿಣ್ವವಿರುವ ಡಿಟರ್ಜೆಂಟ್; ಬಿಸಿನೀರು ಅದರ ಪ್ರೋಟೀನನ್ನು ನೂಲಿಗೆ ಕಚ್ಚಿಸಿಬಿಡುತ್ತದೆ. ಮೇಕಪ್ಪಿನ ಜಿಡ್ಡಿಗೆ ಪಾತ್ರೆ ತೊಳೆಯುವ ದ್ರವ ಸಾಕಾಗಬಹುದು.

ನನ್ನ ಆಯ್ಕೆ ಆಕ್ಸಿಜನ್ ಬ್ಲೀಚ್. ಪ್ರತಿ ಹಾಸಿಗೆಗೆ ಮೂರು ಜೊತೆ ಬಟ್ಟೆ ಇಟ್ಟುಕೊಂಡರೆ ನೆನೆಸುವ ಸಮಯದ ತೊಂದರೆಯೇ ಇರುವುದಿಲ್ಲ. ಕಲೆ ಪೂರ್ತಿ ಹೋಗಿದೆಯೆಂದು ಬೆಳಕಿನಲ್ಲಿ ನೋಡಿ ಖಚಿತಪಡಿಸಿಕೊಳ್ಳುವವರೆಗೆ ಬಟ್ಟೆಯನ್ನು ಡ್ರೈಯರಿಗೆ ಹಾಕಬೇಡಿ.