ಫುಲ್ ಡಿಸ್ಟೆನ್ಸ್ ಟ್ರಯತ್ಲಾನ್: ಕೊನೆಯಲ್ಲಿ ಬಂದವರ ಕಡೆಯಿಂದ ಒಂದು ರಿವ್ಯೂ

3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಅದಾದ ಮೇಲೆ 42.2 ಕಿಲೋಮೀಟರ್ ಓಟ. ಮೂರೂ ಒಂದೇ ದಿನ, 17 ಗಂಟೆಯೊಳಗೆ. ಇಂಥದ್ದೊಂದು ರೇಸ್ ಮುಗಿಸಿ ಬಂದಿದ್ದೇನೆ. ಅದನ್ನು ನಡೆಸಿದ ರೀತಿ ಹೇಗಿತ್ತು ಅಂತ ಬರೆಯುತ್ತಿದ್ದೇನೆ. ಆಯೋಜಕರ ಹೆಸರು ಹಾಕುತ್ತಿಲ್ಲ. ಎಂಟ್ರಿ ಫೀ ಕಟ್ಟುವ ಮುಂಚೆ ನಾನು ಓದಿದ ರಿವ್ಯೂಗಳಲ್ಲಿ ಹೆಚ್ಚಿನವು ಹನ್ನೊಂದು ಹನ್ನೆರಡು ಗಂಟೆಯಲ್ಲಿ ಮುಗಿಸುವವರು ಬರೆದಿದ್ದವು. ಅವರು ಬರುವ ಹೊತ್ತಿಗೆ ಬಿಸಿ ಊಟ ಇರುತ್ತದೆ, ಮಸಾಜ್ ಮಾಡುವವರು ಇರುತ್ತಾರೆ, ಸ್ಟಾಲ್‌ಗಳಲ್ಲಿ ಐಸ್ ಇನ್ನೂ ಕರಗಿರುವುದಿಲ್ಲ. ನಾನು ಕೊನೆಯ ಗಂಟೆಯಲ್ಲಿ ಬಂದವರ ಪೈಕಿ. ನಮಗೆ ಸಿಗೋದು ಬೇರೆಯೇ ರೇಸ್. ಕಟ್ಟುವ ಫೀ ಮಾತ್ರ ಎಲ್ಲರಿಗೂ ಒಂದೇ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಈಜಿನ ವ್ಯವಸ್ಥೆಯನ್ನು ಬಾಯಿ ತುಂಬ ಹೊಗಳಬೇಕು. ಸೈಕಲ್ ಭಾಗ ಒಂದು ದೊಡ್ಡ ಎಡವಟ್ಟು ಬಿಟ್ಟರೆ ಚೆನ್ನಾಗಿತ್ತು. ಓಟದಲ್ಲಿ ಕತ್ತಲಾದ ಮೇಲೆ ವ್ಯವಸ್ಥೆ ಸೊರಗಿತು, ಅಲ್ಲಿ ನಿಂತಿದ್ದ ವಾಲಂಟಿಯರ್‌ಗಳ ಪುಣ್ಯದಿಂದ ನಾವು ಮುಗಿಸಿದೆವು.

ನೀರು, ಐಸ್, ಲೈಟು ಅಂತ ನಾನು ಯಾಕಿಷ್ಟು ಹಟ ಹಿಡಿಯುತ್ತೇನೆ ಅನ್ನೋದಕ್ಕೆ ಸ್ವಲ್ಪ ಹಳೆಯ ಕಥೆ ಬೇಕು. 1978ರಲ್ಲಿ ಹವಾಯಿಯ ಓವಾಹು ದ್ವೀಪದಲ್ಲಿ ಇದೇ ದೂರದ ರೇಸ್ ಆದ ಐರನ್‌ಮ್ಯಾನ್ ಮೊದಲ ಸಲ ನಡೆದಾಗ 15 ಜನ ಹೊರಟು 12 ಜನ ಮುಗಿಸಿದರು. ಗೆದ್ದ ಗಾರ್ಡನ್ ಹಾಲರ್‌ಗೆ 11 ಗಂಟೆ 46 ನಿಮಿಷ ಹಿಡಿಯಿತು. ಆಗ ಊಟ, ನೀರು ನೋಡಿಕೊಳ್ಳಲು ಪ್ರತಿಯೊಬ್ಬರೂ ತಮ್ಮ ಕಡೆಯವರನ್ನೇ ಕರೆತರಬೇಕಿತ್ತು. ಎರಡನೆಯವರಾಗಿ ಬಂದ ಜಾನ್ ಡನ್‌ಬಾರ್ ಕಡೆಯವರ ಹತ್ತಿರ ನೀರು ಮುಗಿದುಹೋಗಿ, ಓಡುತ್ತಿದ್ದ ಡನ್‌ಬಾರ್‌ಗೆ ಬಿಯರ್ ಕೊಟ್ಟಿದ್ದರು. ಈಗ ನಿಯಮ ಪೂರ್ತಿ ಉಲ್ಟಾ. ದಾರಿಯಲ್ಲಿ ಮನೆಯವರು ಒಂದು ಬಾಟಲಿ ನೀರು ಕೊಟ್ಟರೂ ಅದು ಹೊರಗಿನ ಸಹಾಯ, ಡಿಸ್‌ಕ್ವಾಲಿಫೈ ಕೂಡ ಆಗಬಹುದು. ಅಂದಮೇಲೆ ನಮಗೆ ಬೇಕಾದ್ದನ್ನು ಒದಗಿಸೋದು ಆಯೋಜಕರ ಹೊಣೆ, ಅಲ್ವಾ? ಬೇರೆಯವರಿಂದ ತಗೋಬೇಡಿ ಅಂತ ಹೇಳಿದವರು ಕೊನೆಯವರೆಗೂ ತಾವೇ ಕೊಡಬೇಕು. ರೇಸನ್ನು ನಾನು ಅಳೆಯೋದು ಇದರಲ್ಲೇ.

ಹಿಂದಿನ ದಿನದ ಕೆಲಸಗಳೆಲ್ಲ ಅಚ್ಚುಕಟ್ಟಾಗಿದ್ದವು. ನಂಬರ್, ಕಾಲಿಗೆ ಕಟ್ಟುವ ಚಿಪ್, ಬ್ಯಾಗ್‌ಗಳು ಒಂದೇ ಕ್ಯೂನಲ್ಲಿ ಸಿಕ್ಕವು. ಸೈಕಲ್ ಒಳಗೆ ಬಿಡುವಾಗ ಬ್ರೇಕ್ ಒತ್ತಿ ನೋಡಿದರು, ಹ್ಯಾಂಡಲ್ ತುದಿಗೆ ಮುಚ್ಚಳ ಇದೆಯಾ ನೋಡಿದರು, ಹೆಲ್ಮೆಟ್ ಹಾಕಿಸಿ ಪಟ್ಟಿ ಎಳೆದು ನೋಡಿದರು. ಸೈಕಲ್ ಮುಟ್ಟುವ ಮೊದಲು ಹೆಲ್ಮೆಟ್ ಪಟ್ಟಿ ಬಿಗಿದಿರಬೇಕು ಅನ್ನೋದನ್ನು ಬ್ರೀಫಿಂಗ್‌ನಲ್ಲಿ ಒತ್ತಿ ಒತ್ತಿ ಹೇಳಿದರು, ಒಳ್ಳೆಯದೇ ಆಯಿತು. ನನಗೆ ಜಾಸ್ತಿ ಹಿಡಿಸಿದ್ದು ಬೇರೆ. ನೀರಿನಿಂದ ಎದ್ದು ಬಂದು ಬ್ಯಾಗ್ ತಗೊಂಡು, ಬಟ್ಟೆ ಬದಲಿಸಿ, ಸೈಕಲ್ ಹತ್ತುವ ಗೆರೆಯವರೆಗಿನ ಇಡೀ ದಾರಿಯನ್ನು ಒಬ್ಬ ವಾಲಂಟಿಯರ್ ನನ್ನ ಜೊತೆ ನಡೆದು ತೋರಿಸಿದರು. ನಿಮ್ಮ ಸಾಲು ಕಂಬದಿಂದ ಎಷ್ಟನೆಯದು ಅಂತ ನನ್ನ ಕೈಲೇ ಎಣಿಸಿ ನೋಡಿಸಿದರು. ನೂರಾರು ಸೈಕಲ್ ನಿಂತ ಜಾಗದಲ್ಲಿ, ತಲೆ ಇನ್ನೂ ನೀರಲ್ಲೇ ತೇಲುತ್ತಿರುವಾಗ, ಆ ಎಣಿಕೆ ಎಷ್ಟು ಕೆಲಸಕ್ಕೆ ಬಂತು ಅಂದರೆ ಸೀದಾ ಹೋಗಿ ನನ್ನ ಸೈಕಲ್ ಮುಂದೆಯೇ ನಿಂತೆ.

ಈಜಿಗೆ ರೋಲಿಂಗ್ ಸ್ಟಾರ್ಟ್ ಇಟ್ಟಿದ್ದರು. ಎಷ್ಟು ಹೊತ್ತಲ್ಲಿ ಮುಗಿಸುತ್ತೀವಿ ಅಂದುಕೊಂಡಿದ್ದೀವೋ ಆ ಬೋರ್ಡಿನ ಹಿಂದೆ ನಾವೇ ನಿಲ್ಲಬೇಕು, ಕೆಲವು ಸೆಕೆಂಡಿಗೊಮ್ಮೆ ನಾಲ್ಕೈದು ಜನರನ್ನು ನೀರಿಗೆ ಬಿಡುತ್ತಾರೆ. ಇದರಿಂದ ಒದೆತ, ತಳ್ಳಾಟ ಬಹಳ ಕಡಿಮೆ. ಚಿಪ್ ನಮ್ಮ ನಮ್ಮ ಹೊತ್ತನ್ನು ಬೇರೆ ಬೇರೆಯಾಗಿ ಎಣಿಸೋದರಿಂದ ಹಿಂದೆ ನಿಂತವರಿಗೆ ಸಮಯವೂ ನಷ್ಟವಾಗಲ್ಲ. ನೀರಿನ ಉಷ್ಣತೆಯನ್ನು ರೇಸಿಗೆ ಮುಂಚಿನ ಇಡೀ ವಾರ ದಿನಾ ಅಳೆದು ಹೇಳುತ್ತಿದ್ದರು. ನಮ್ಮ ರೇಸಿನ ನಿಯಮದಲ್ಲಿ 24.5 ಡಿಗ್ರಿವರೆಗೆ ವೆಟ್‌ಸೂಟ್ (ಮೈಗೆ ಅಂಟುವ ರಬ್ಬರಿನ ಈಜುಡುಗೆ) ಹಾಕಬಹುದು. ವೆಟ್‌ಸೂಟ್ ಹಾಕಿದರೆ ಸೊಂಟ, ಕಾಲು ತಾವಾಗಿಯೇ ಮೇಲೆ ತೇಲುತ್ತವೆ, ನಿಧಾನವಾಗಿ ಈಜುವವರಿಗೆ ಇದು ಬಹಳ ದೊಡ್ಡ ವಿಷಯ. ಅದನ್ನು ಹಾಕಬಹುದೋ ಇಲ್ಲವೋ ಅಂತ ಮೊದಲೇ ಅಂದಾಜು ಸಿಕ್ಕಿದ್ದರಿಂದ ಕೊನೇ ಬೆಳಿಗ್ಗೆ ಎದೆ ಢವಢವ ಅನ್ನೋದು ತಪ್ಪಿತು.

ನೀರಲ್ಲಿ ಕಾವಲಿಗಿದ್ದ ಕಯಾಕ್‌ಗಳು (ಚಿಕ್ಕ ದೋಣಿಗಳು) ಎಷ್ಟು ಹತ್ತಿರ ಹತ್ತಿರ ಇದ್ದವು ಅಂದರೆ, ತಲೆ ಎತ್ತಿದಾಗಲೆಲ್ಲ ಒಂದಾದರೂ ಕಾಣುತ್ತಿತ್ತು. ಕಯಾಕ್ ಹಿಡಿದು ಎಷ್ಟು ಹೊತ್ತಾದರೂ ಸುಧಾರಿಸಿಕೊಳ್ಳಬಹುದು, ಅದು ನಮ್ಮನ್ನು ಮುಂದಕ್ಕೆ ಎಳೆಯಬಾರದು ಅಷ್ಟೇ. ನನ್ನ ಪಕ್ಕದಲ್ಲಿದ್ದ ಒಬ್ಬರು ಉಸಿರು ಸಿಗದೆ ಕೈ ಎತ್ತಿದರು. ಕಯಾಕಿನಲ್ಲಿದ್ದ ಹುಡುಗಿ ಒಂದು ಮಾತೂ ಜೋರಾಗಿ ಆಡಲಿಲ್ಲ, ಮೂಗಿನಲ್ಲಿ ಎಳೆದುಕೊಳ್ಳಿ, ಬಾಯಲ್ಲಿ ನಿಧಾನ ಬಿಡಿ ಅಂತ ತಾನೇ ಉಸಿರಾಡಿ ತೋರಿಸುತ್ತಿದ್ದಳು. ಅವರು ಸುಧಾರಿಸಿಕೊಂಡು ಮತ್ತೆ ಈಜಿದರು. ಒಂದು ದೂರು ಇದೆ: ವಾಪಸ್ ಬರುವ ದಾರಿಯಲ್ಲಿ ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಿದ್ದ, ಆ ಕಡೆಯೇ ತೇಲುವ ಗುರುತುಗಳು ದೂರ ದೂರ. ಅಲ್ಲಿ ಇನ್ನೆರಡು ಗುರುತು ಹಾಕಿದ್ದರೆ ತುಂಬ ಜನ ಸುಮ್ನೆ ಅಡ್ಡಡ್ಡ ಈಜುವುದು ತಪ್ಪುತ್ತಿತ್ತು.

ದಡದಲ್ಲಿ ವೆಟ್‌ಸೂಟ್ ಬಿಚ್ಚಿಕೊಡಲು ಜನ ನಿಂತಿದ್ದರು. ಸೊಂಟದವರೆಗೆ ನಾವು ಇಳಿಸಿಕೊಂಡು ಬೆನ್ನ ಮೇಲೆ ಮಲಗಿ ಕಾಲೆತ್ತಬೇಕು, ಇಬ್ಬರು ಎರಡು ಕಾಲು ಹಿಡಿದು ಒಂದೇ ಎಳೆತಕ್ಕೆ ಕಳಚಿ ಕೈಗೆ ಕೊಟ್ಟು, ಕೈ ಹಿಡಿದು ಎಬ್ಬಿಸಿ ನಿಲ್ಲಿಸುತ್ತಾರೆ. ಈಜಿನ ಕಟ್‌ಆಫ್, ಅಂದರೆ ಮುಗಿಸಲೇಬೇಕಾದ ಗಡುವು, 2 ಗಂಟೆ 20 ನಿಮಿಷ. ಅದು ಹತ್ತಿರ ಬರುತ್ತಿದ್ದಾಗಲೂ ಆ ಜನ ಹಾಗೇ ನಿಂತಿದ್ದರು.

ಸೈಕಲ್ ರಸ್ತೆ ಚೆನ್ನಾಗಿತ್ತು, ಗುಂಡಿಗಳ ಸುತ್ತ ಬಣ್ಣ ಬಳಿದಿದ್ದರು, ತಿರುವುಗಳಲ್ಲಿ ಬಾವುಟ ಹಿಡಿದವರು ಇದ್ದರು. ಈ ರೇಸಿನಲ್ಲಿ ಮುಂದಿನವರ ಗಾಳಿ ಮರೆಯಲ್ಲಿ ಓಡಿಸುವ ಹಾಗಿಲ್ಲ. 12 ಮೀಟರ್ ಅಂತರ ಬಿಡಬೇಕು, ಒಳಗೆ ಹೋದರೆ 25 ಸೆಕೆಂಡಿನಲ್ಲಿ ದಾಟಿಬಿಡಬೇಕು, ಇಲ್ಲದಿದ್ದರೆ ಐದು ನಿಮಿಷ ಪೆನಾಲ್ಟಿ ಟೆಂಟಿನಲ್ಲಿ ಕೂರಿಸುತ್ತಾರೆ. ಮುಂದಿನವರ ಹತ್ತಿರವೇ ಸುತ್ತದೆ ರೆಫರಿಗಳು ಹಿಂದಿನವರ ಕಡೆಗೂ ಬರುತ್ತಿದ್ದರು, ಅದು ನನಗೆ ಖುಷಿ ಕೊಟ್ಟಿತು. ಹಿಂದಿರುವವರನ್ನೂ ರೇಸ್ ಮಾಡುವವರು ಅಂತಲೇ ನೋಡಿದರು. ಕೊನೆಯವರ ಹಿಂದೆ ಬರುವ ಗಾಡಿಯ ಡ್ರೈವರಿಗೂ ಒಂದು ಮೆಚ್ಚುಗೆ ಸಲ್ಲಬೇಕು: ದೂರದಲ್ಲೇ ಬಂದರು, ಹಾರ್ನ್ ಹೊಡೆಯಲಿಲ್ಲ, ಬೆನ್ನಿಗೆ ಬೀಳಲಿಲ್ಲ.

ಈಗ ಎಡವಟ್ಟಿನ ವಿಷಯ. ದಾರಿಯಲ್ಲಿ ಕೊಡುವ ಎನರ್ಜಿ ಡ್ರಿಂಕ್ ಯಾವ ಕಂಪನಿಯದು ಅಂತ ತಿಂಗಳುಗಳ ಮುಂಚೆಯೇ ತಿಳಿಸಿದ್ದರು, ಹಾಗಾಗಿ ಅಭ್ಯಾಸದಲ್ಲಿ ಅದನ್ನೇ ಕುಡಿದು ಹೊಟ್ಟೆಗೆ ರೂಢಿ ಮಾಡಿಸಿದ್ದೆ. ಈ ದೂರಕ್ಕೆ ಗಂಟೆಗೆ 60ರಿಂದ 90 ಗ್ರಾಂ ಕಾರ್ಬೋಹೈಡ್ರೇಟ್ ಬೇಕು ಅಂತಾರೆ. ಗ್ಲೂಕೋಸ್ ಒಂದನ್ನೇ ಆದರೆ ಕರುಳು ಗಂಟೆಗೆ ಸುಮಾರು 60 ಗ್ರಾಂ ಹೀರಿಕೊಳ್ಳುತ್ತದೆ. ಫ್ರಕ್ಟೋಸ್ ಬೇರೆ ದಾರಿಯಲ್ಲಿ ಒಳಗೆ ಹೋಗುತ್ತದೆ, ಅದಕ್ಕೇ ಡ್ರಿಂಕ್‌ನಲ್ಲಿ ಎರಡನ್ನೂ ಸೇರಿಸೋದು. ಇದೆಲ್ಲ ಅಳತೆಯ ಮೇಲೆ ನಿಂತ ಲೆಕ್ಕ. ಅರ್ಧ ದಾರಿ ದಾಟಿದ ಮೇಲಿನ ಒಂದು ಏಡ್ ಸ್ಟೇಷನ್‌ನಲ್ಲಿ (ದಾರಿಯಲ್ಲಿ ತಿನ್ನಲು, ಕುಡಿಯಲು ಕೊಡುವ ಜಾಗ) ಕೊಟ್ಟ ಬಾಟಲಿ ಬಾಯಿಗಿಟ್ಟರೆ, ಡ್ರಿಂಕ್ ಸಕ್ಕರೆ ಪಾಕದ ಹಾಗಿತ್ತು. ತುಟಿಗೆ ಅಂಟುತ್ತಿತ್ತು. ಪುಡಿ ಜಾಸ್ತಿ, ನೀರು ಕಮ್ಮಿ. ಅಷ್ಟು ಗಟ್ಟಿ ಡ್ರಿಂಕ್ ಹೊಟ್ಟೆಯಿಂದ ಬೇಗ ಕೆಳಗಿಳಿಯಲ್ಲ, ಕರುಳಿಗೆ ಹೋದರೂ ಮೈಯೊಳಗಿನ ನೀರನ್ನೇ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಹೊಟ್ಟೆ ಉಬ್ಬರಿಸಿ ವಾಂತಿ ಬರುವ ಹಾಗಾಗುತ್ತದೆ. ನನಗೂ ಆಯಿತು, ಆಮೇಲೆ ಓಟದಲ್ಲಿ ಮಾತಿಗೆ ಸಿಕ್ಕ ಬೇರೆಯವರಿಗೂ ಆಗಿತ್ತು. ಮುಂದಿನ ಸ್ಟೇಷನ್‌ವರೆಗೆ ಬರೀ ನೀರು ಕುಡಿದು ಸರಿಮಾಡಿಕೊಂಡೆ. ಅಲ್ಲಿದ್ದ ಹುಡುಗರನ್ನು ನಾನು ದೂರಲ್ಲ. ಬಾಟಲಿಯ ಕುತ್ತಿಗೆ ಎರಡು ಬೆರಳಲ್ಲಿ ಹಿಡಿದು, ಸೈಕಲ್ ಜೊತೆ ನಾಲ್ಕು ಹೆಜ್ಜೆ ಓಡಿ, ನಮ್ಮ ಕೈಗೆ ಕುಳಿತ ಮೇಲೆಯೇ ಬಿಡುತ್ತಿದ್ದರು. ಎಷ್ಟು ನೀರಿಗೆ ಎಷ್ಟು ಪುಡಿ ಅಂತ ದೊಡ್ಡಕ್ಷರದಲ್ಲಿ ಬರೆದ ಒಂದು ಹಾಳೆ ಡ್ರಮ್ಮಿಗೆ ಅಂಟಿಸೋದು ಆಯೋಜಕರ ಕೆಲಸ.

ಸೈಕಲ್ ಇಳಿದ ತಕ್ಷಣ ಯಾರೋ ಅದನ್ನು ತಗೊಂಡು ಹೋಗಿ ಸ್ಟ್ಯಾಂಡಿಗೆ ಹಾಕಿದರು, ನಮ್ಮ ನಂಬರ್ ಕೂಗುವಷ್ಟರಲ್ಲಿ ಓಟದ ಬ್ಯಾಗ್ ಕೈಯಲ್ಲಿತ್ತು. ಹೇಳೋಕೆ ಇನ್ನೇನೂ ಇಲ್ಲ, ಪಕ್ಕಾ ಕೆಲಸ.

ಓಟ ಸುತ್ತುಗಳಲ್ಲಿ. ಪ್ರತಿ ಸುತ್ತಿಗೆ ಕೈಗೊಂದು ಬಣ್ಣದ ಬ್ಯಾಂಡ್. ಮೊದಲ ಸುತ್ತಿನಲ್ಲಿ ಎಲ್ಲ ಇತ್ತು: ನೀರು, ಡ್ರಿಂಕ್, ಕೋಲಾ, ಜೆಲ್, ಉಪ್ಪು, ಐಸ್, ತಣ್ಣೀರಿನ ಸ್ಪಂಜು. ಐಸನ್ನು ಟೋಪಿಯೊಳಗೆ ಹಾಕಿಕೊಂಡು ಓಡಿದಾಗ ಜೀವ ಬಂದ ಹಾಗಾಗುತ್ತಿತ್ತು. ಸಂಜೆ ಇಳಿಯುತ್ತಿದ್ದ ಹಾಗೆ ಒಂದೊಂದೇ ಕಾಣೆಯಾಗುತ್ತಾ ಬಂತು. ಮೊದಲು ಐಸ್, ಆಮೇಲೆ ಕೋಲಾ, ಆಮೇಲೆ ಡ್ರಿಂಕ್. ಕೊನೆಯ ಸುತ್ತಿಗೆ ಹೆಚ್ಚಿನ ಸ್ಟೇಷನ್‌ಗಳಲ್ಲಿ ಉಳಿದಿದ್ದು ಬರೀ ನೀರು. ಎಲ್ಲರೂ ಪ್ರೀತಿಯಿಂದ ಇನ್ನೊಂದು ಕಪ್ ಕುಡಿಯಿರಿ, ಇನ್ನೊಂದು ಕುಡಿಯಿರಿ ಅನ್ನುತ್ತಿದ್ದರು.

ಇದು ಸೌಕರ್ಯದ ಮಾತಲ್ಲ, ಜೀವದ ಮಾತು. ಬೇಕಾದ್ದಕ್ಕಿಂತ ಜಾಸ್ತಿ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ, ಹೈಪೊನೇಟ್ರೀಮಿಯಾ ಅನ್ನೋದು ಇದನ್ನೇ. ತಲೆನೋವು, ವಾಕರಿಕೆ, ಗಲಿಬಿಲಿಯಿಂದ ಶುರುವಾಗಿ ಫಿಟ್ಸ್‌ವರೆಗೆ ಹೋಗಬಹುದು, ಪ್ರಾಣವೂ ಹೋಗಬಹುದು. ಇದರ ಅಪಾಯ ಜಾಸ್ತಿ ಇರೋದು ನಿಧಾನವಾಗಿ ಹೋಗುವವರಿಗೇ. ರಸ್ತೆ ಮೇಲೆ ಇರುವ ಹೊತ್ತು ಜಾಸ್ತಿ, ಬೆವರು ಕಡಿಮೆ, ದಾಟುವ ಪ್ರತಿ ಸ್ಟೇಷನ್‌ನಲ್ಲೂ ಕೈಗೊಂದು ಕಪ್ ಬರುತ್ತದೆ. ಬಾಯಾರಿದಷ್ಟು ಮಾತ್ರ ಕುಡಿಯಿರಿ ಅಂತ ಹೇಳೋದಕ್ಕೆ ವಾಲಂಟಿಯರ್‌ಗಳಿಗೆ ಯಾರೂ ಕಲಿಸಿರಲಿಲ್ಲ. ಹೊಟ್ಟೆಗೆ ಏನೂ ಇಲ್ಲದೆ ಕೊನೆಯ ಹತ್ತಾರು ಕಿಲೋಮೀಟರ್ ಕಾಲೆಳೆಯುವವರಿಗೆ ಒಂದು ಕಪ್ ಕೋಲಾ ಎಷ್ಟು ದೊಡ್ಡದು ಅನ್ನೋದು ಅಲ್ಲಿದ್ದವರಿಗೇ ಗೊತ್ತು.

ಲೈಟಿನದೂ ಅದೇ ಕಥೆ. ಸುತ್ತಿನ ಒಂದು ಉದ್ದನೆಯ ತುಂಡು ಪೂರ್ತಿ ಕತ್ತಲು. ಕಾಲು ಎತ್ತಲಾಗದೆ ಉಜ್ಜಿಕೊಂಡು ನಡೆಯುವ ಹೊತ್ತಲ್ಲಿ ರಸ್ತೆಯ ಅಂಚು ಕಾಣದಿದ್ದರೆ ಮುಗ್ಗರಿಸೋದು ಖಂಡಿತ. ಅಲ್ಲಿ ಸುಮಾರು ವಯಸ್ಸಾದ ಒಬ್ಬ ವಾಲಂಟಿಯರ್ ಮೊಬೈಲ್ ಟಾರ್ಚ್ ಹಚ್ಚಿ ಹಿಡಿದು, ರಸ್ತೆ ಒಡೆದಿದ್ದ ಜಾಗದ ಪಕ್ಕದಲ್ಲೇ ನಿಂತುಬಿಟ್ಟಿದ್ದರು. ಬರುವ ಪ್ರತಿಯೊಬ್ಬರ ಕಾಲಿನ ಮುಂದೆ ಬೆಳಕು ಬಿಟ್ಟು, ಆ ಜಾಗ ದಾಟಿಸಿ, ಎದೆ ಮೇಲಿನ ನಂಬರ್ ಪಟ್ಟಿಯಲ್ಲಿದ್ದ ಹೆಸರು ಓದಿ ಕರೆಯುತ್ತಿದ್ದರು. ನಾನು ಮುಂದಿನ ಸುತ್ತು ಬಂದಾಗ ಅವರು ಹೆಸರು ಓದಲಿಲ್ಲ, ನೆನಪಿಟ್ಟುಕೊಂಡಿದ್ದರು. ಕೈ ಬದಲಿಸಿ ಬದಲಿಸಿ ಟಾರ್ಚ್ ಹಿಡಿಯುತ್ತಿದ್ದರು, ಅಷ್ಟು ನೋಯುತ್ತಿತ್ತು ಅಂತ ಕಾಣುತ್ತದೆ. ಅವರಿಗೆ ಅಲ್ಲಿ ನಿಲ್ಲಿ ಅಂತ ಯಾರೂ ಹೇಳಿರಲಿಲ್ಲವಂತೆ.

ವೈದ್ಯರ ತಂಡಕ್ಕೆ ಪೂರ್ತಿ ಅಂಕ. ಸೈಕಲ್ ಮೇಲೆ ಓಡಾಡುತ್ತಿದ್ದ ಒಬ್ಬರು ನನ್ನ ಪಕ್ಕ ನಿಧಾನ ಮಾಡಿ, ಹೆಸರೇನು, ಎಷ್ಟನೇ ಸುತ್ತು, ಕೊನೇ ಸಲ ಮೂತ್ರಕ್ಕೆ ಹೋಗಿದ್ದು ಯಾವಾಗ ಅಂತ ಕೇಳಿದರು. ಉಂಗುರದ ಬೆರಳು ಊದಿದೆಯಾ ನೋಡಿದರು. ಉತ್ತರ ಸರಿ ಬಂದ ಮೇಲೆಯೇ ಮುಂದೆ ಹೋದರು.

ಫಿನಿಶ್‌ನಲ್ಲಿ ಮೈಕಿನವರು ಕೊನೆಯವರೆಗೂ ಒಬ್ಬೊಬ್ಬರ ಹೆಸರನ್ನೂ ಅದೇ ಹುರುಪಿನಲ್ಲಿ ಕೂಗಿದರು. ಗೆರೆ ದಾಟಿದ ಕೂಡಲೇ ಇಬ್ಬರು ಎರಡೂ ತೋಳು ಹಿಡಿದುಕೊಂಡರು, ಸರಿಯಾಗಿ ಮಾತಾಡುತ್ತೀನಿ, ನಿಲ್ಲುತ್ತೀನಿ ಅಂತ ಖಾತ್ರಿ ಆಗುವವರೆಗೆ ಬಿಡಲಿಲ್ಲ, ಬೆಳ್ಳಿ ಬಣ್ಣದ ಹಾಳೆ ಹೊದಿಸಿ ನಡೆಸಿಕೊಂಡು ಹೋದರು. ಅಲ್ಲಿಂದ ಮುಂದೆ ಮತ್ತೆ ನಿರಾಸೆ. ಬಿಸಿ ಊಟ ಮುಗಿದಿತ್ತು, ಮಸಾಜ್‌ನವರು ಎದ್ದು ಹೋಗಿದ್ದರು, ನನ್ನ ಅಳತೆಯ ಫಿನಿಶರ್ ಟೀ ಶರ್ಟೂ ಇರಲಿಲ್ಲ. ಎಂಟ್ರಿ ಕಟ್ಟುವಾಗಲೇ ಅಳತೆ ಬರೆಸಿಕೊಂಡಿದ್ದರು, ಹಾಗಿದ್ದ ಮೇಲೆ ಅದು ಕಮ್ಮಿ ಬೀಳಲೇಬಾರದು. ಯಾರು ಎಲ್ಲಿದ್ದಾರೆ ಅಂತ ತೋರಿಸುವ ರೇಸಿನ ಆ್ಯಪ್‌ನಲ್ಲಿ ನನ್ನ ಗುರುತು ಓಟದ ಮಧ್ಯದಲ್ಲೇ ನಿಂತುಹೋಗಿತ್ತಂತೆ. ಮನೆಯವರು ಎರಡು ಗಂಟೆಗೂ ಮೇಲೆ ಏನಾಯಿತೋ ಅಂತ ಹೆದರಿಕೊಂಡು ಬೇಲಿ ಹಿಡಿದು ನಿಂತಿದ್ದರು. ಚಿಪ್ ಓದುವ ಮ್ಯಾಟ್ ಒಂದು ಕೆಟ್ಟಿದ್ದರೆ, ಕೆಟ್ಟಿದೆ ಅಂತ ಆ್ಯಪ್‌ನಲ್ಲಿ ಒಂದು ಸಾಲು ಹಾಕಿದ್ದರೂ ಸಾಕಿತ್ತು.

ಇದನ್ನೆಲ್ಲ ಆಯೋಜಕರಿಗೆ ಬರೆದು ಕಳಿಸಿದೆ. ಉತ್ತರ ಬಂತು, ಕಾಟಾಚಾರದ ಉತ್ತರ ಅಲ್ಲ. ಕತ್ತಲ ತುಂಡಿಗೆ ಲೈಟ್ ಹಾಕಿಸುತ್ತೇವೆ, ಕೊನೆಯ ಮೂರು ಗಂಟೆಗೆ ಅಂತಲೇ ಡ್ರಿಂಕ್, ಕೋಲಾ ಬೇರೆ ಎತ್ತಿಡುತ್ತೇವೆ ಅಂದಿದ್ದಾರೆ. ಡ್ರಮ್ಮಿಗೆ ಅಳತೆ ಅಂಟಿಸುವ ಬಗ್ಗೆ, ವಾಲಂಟಿಯರ್‌ಗಳಿಗೆ ನೀರಿನ ವಿಷಯ ಹೇಳಿಕೊಡುವ ಬಗ್ಗೆ ಏನೂ ಹೇಳಿಲ್ಲ. ಅದಕ್ಕೆ ಮತ್ತೊಂದು ಮೇಲ್ ಹಾಕಿದ್ದೇನೆ. ಮುಂದಿನ ವರ್ಷದ ಅಥ್ಲೀಟ್ ಗೈಡ್ ಬಂದಾಗ ಮೊದಲು ತೆರೆಯೋದು ಏಡ್ ಸ್ಟೇಷನ್‌ಗಳ ಪುಟವನ್ನೇ. ರಾತ್ರಿ ಎಷ್ಟು ಗಂಟೆಯವರೆಗೆ ಏನೇನು ಇರುತ್ತದೆ ಅಂತ ಅದರಲ್ಲಿ ಬರೆದಿದ್ದರೆ ಅವತ್ತೇ ಫೀ ಕಟ್ಟುತ್ತೇನೆ.