ದನದ ಉಣ್ಣೆಗೆ ಹಾಕುವ ಔಷಧಿಯನ್ನು ಕುದುರೆಗೆ ಹಚ್ಚಬೇಡಿ

ಕುದುರೆ ಸಾಕಿರುವವರು ದಯವಿಟ್ಟು ಇದನ್ನು ಓದಬೇಕು. ದನದ ಮೈಮೇಲೆ ರಕ್ತ ಹೀರುವ ಉಣ್ಣೆಹುಳಕ್ಕೆ ಹಾಕುವ ಅಮಿಟ್ರಾಜ್ ಎಂಬ ಔಷಧಿಯನ್ನು ಯಾವ ಕಾರಣಕ್ಕೂ ಕುದುರೆಗೆ ಹಚ್ಚಬೇಡಿ. ಅಂಗಡಿಯವನು ಎಷ್ಟೇ ಧೈರ್ಯ ಹೇಳಲಿ, ಹಚ್ಚಬೇಡಿ.

ಮೈಸೂರಿನಲ್ಲಿ ನಮ್ಮದು ತಂದೆಯವರ ಕಾಲದಿಂದಲೂ ಟಾಂಗಾ ಓಡಿಸುವ ಮನೆ. ಈ ಸಲ ಮಳೆ ಹಿಡಿದ ಮೇಲೆ ಲಾಯದಲ್ಲಿ ನೊಣಗಳ ಕಾಟ ವಿಪರೀತವಾಗಿ, ನಮ್ಮ ಹೆಣ್ಣು ಕುದುರೆ ಮೇವು ಬಿಟ್ಟು ಹಗಲೆಲ್ಲ ಕಾಲು ಝಾಡಿಸುತ್ತ ನಿಲ್ಲುತ್ತಿತ್ತು. ಕಣ್ಣಿನ ಅಂಚಿಗೆ ನೊಣ ಮುತ್ತಿ ನೀರು ಸೋರುತ್ತಿತ್ತು. ಪಶು ಔಷಧಿಯ ಅಂಗಡಿಗೆ ಹೋಗಿ, ಕುದುರೆಗೆ ಬೇಕು ಎಂದು ಹೇಳಿಯೇ ಕೇಳಿದೆ. ಎರಡು ಸಲ ಹೇಳಿದೆ. "ದನಕ್ಕೂ ಅದೇ, ಕುದುರೆಗೂ ಅದೇ ಸ್ವಾಮಿ, ನೀರಿಗೆ ಬೆರೆಸಿ ಮೈಗೆಲ್ಲ ಹಚ್ಚಿ" ಎಂದು, ಡಬ್ಬಿಯೂ ಬಳಕೆಯ ವಿವರದ ಚೀಟಿಯೂ ಇಲ್ಲದ ಬರಿಯ ಸೀಸೆಯನ್ನು ಕೈಗಿಟ್ಟ. ನಾನು ಬಿಲ್ಲನ್ನೂ ಕೇಳಲಿಲ್ಲ. ಇಷ್ಟು ವರ್ಷ ಕುದುರೆಯ ಜೊತೆಗೇ ಬೆಳೆದವನು ಹೀಗೆ ಮಾಡಿದೆನೆಂದು ಬರೆಯಲು ನನಗೆ ನಾಚಿಕೆಯಾಗುತ್ತದೆ.

ಹಚ್ಚಿದ ಮರುದಿನವೇ ಕುದುರೆ ತಲೆ ಜೋಲು ಬಿಟ್ಟು ಮಂಕಾಗಿ ನಿಂತಿತು. ಸಂಜೆಯ ಹೊತ್ತಿಗೆ ಲದ್ದಿ ಹಾಕುವುದು ನಿಂತೇಹೋಯಿತು, ರಾತ್ರಿ ಹೊಟ್ಟೆಶೂಲೆಯಿಂದ ನೆಲಕ್ಕೆ ಬಿದ್ದು ಹೊರಳತೊಡಗಿತು. ಪಶುವೈದ್ಯರು ಬಂದು ಸೀಸೆಯನ್ನು ನೋಡಿದವರೇ ನನ್ನ ಮುಖ ನೋಡಿದರು. ಇದು ಅಮಿಟ್ರಾಜ್, ಕುದುರೆಯ ಕರುಳಿನ ಚಲನೆಯನ್ನೇ ತಡೆದು ಮೇವು ಒಳಗೇ ಗಟ್ಟಿಯಾಗುವಂತೆ ಮಾಡುತ್ತದೆ, ಕುದುರೆಗೆ ವಾಂತಿ ಮಾಡಿಕೊಳ್ಳಲೂ ಬಾರದು ಎಂದು ಅವರು ಹೇಳಿದಾಗ ನನ್ನ ಕೈಕಾಲು ತಣ್ಣಗಾದವು. ಮೂಗಿನಿಂದ ನಳಿಕೆ ಇಳಿಸಿ ಲದ್ದಿ ಜಾರಿಸುವ ಲಿಕ್ವಿಡ್ ಪ್ಯಾರಾಫಿನ್ ಎಣ್ಣೆ ಹಾಕಿದರು, ಸಲೈನ್ ಏರಿಸಿದರು. ಮೂರನೆಯ ದಿನ ಬೆಳಗ್ಗೆ ಲದ್ದಿ ಕಂಡಾಗ ನನ್ನ ಹೆಂಡತಿ ಅತ್ತೇಬಿಟ್ಟಳು.

ಅಂದೇ ಆ ಅಂಗಡಿಗೆ ಹೋಗಿ, ಅದೇ ಔಷಧಿಯ ಡಬ್ಬಿಯಲ್ಲಿರುವ ಸೀಸೆ ಕೊಡಿ ಎಂದು ಕೇಳಿ ತೆಗೆದುಕೊಂಡು, ಅವನ ಎದುರಿಗೇ ಒಳಗಿನ ಚೀಟಿಯನ್ನು ಬಿಡಿಸಿದೆ. ಕುದುರೆಗೆ ಬಳಸಬಾರದೆಂದು ಅದರಲ್ಲಿ ಅಚ್ಚಾಗಿತ್ತು. ಅಚ್ಚಾಗಿತ್ತು! "ಕಂಪನಿಯವರು ಎಲ್ಲದಕ್ಕೂ ಹಾಗೇ ಹಾಕ್ತಾರೆ ಸ್ವಾಮಿ" ಎಂದ. ನನ್ನ ಕುದುರೆ ಸಾಯುವುದರಲ್ಲಿತ್ತು ಎಂದೆ. "ನೀವೇ ಜಾಸ್ತಿ ಬೆರೆಸಿರಬೇಕು" ಎಂದ. ಕೊನೆಗೆ, "ನನ್ನ ಅಂಗಡಿಯಲ್ಲೇ ತಗೊಂಡಿದ್ದಕ್ಕೆ ಬಿಲ್ಲಿದೆಯಾ?" ಎಂದು ಕೇಳಿದ. ಎರಡು ದಿನದ ಹಿಂದೆ ತಾನೇ ಕೈಯಾರೆ ಕೊಟ್ಟವನು ಆ ಮಾತನ್ನು ಕೇಳಿದಾಗ ನನಗೆ ಉತ್ತರವೇ ಹೊರಡಲಿಲ್ಲ.

ಔಷಧಿಗಿಂತ ಮೊದಲು ಲದ್ದಿಯ ಗುಡ್ಡೆಯನ್ನು ನೋಡಿ ಎಂದು ವೈದ್ಯರು ಹೇಳಿದರು. ಬೆಚ್ಚಗಿನ ದಿನಗಳಲ್ಲಿ ಮನೆನೊಣದ ಮೊಟ್ಟೆ 7ರಿಂದ 10 ದಿನಗಳಲ್ಲಿ ನೊಣವಾಗಿ ಹಾರುತ್ತದೆ; ಕಾಲಿಗೆ ಕಚ್ಚುವ ಲಾಯದ ನೊಣ ಗಂಜಲದಲ್ಲಿ ನೆನೆದು ಕೊಳೆತ ಹುಲ್ಲಿನಲ್ಲೇ ಹುಟ್ಟುತ್ತದೆ. ನಮ್ಮ ಗುಡ್ಡೆ ಲಾಯದಿಂದ ಹತ್ತು ಹೆಜ್ಜೆ ದೂರದಲ್ಲಿತ್ತು. ಈಗ ದಿನವೂ ಲದ್ದಿ ಸಾಗಿಸುತ್ತೇವೆ, ಹಾಸು ಒಣಗಿಸುತ್ತೇವೆ, ಫ್ಯಾನ್ ಹಾಕಿದ್ದೇವೆ, ಮುಖಕ್ಕೆ ಜಾಲರಿ ಕಟ್ಟುತ್ತೇವೆ. ಔಷಧಿ ಬೇಕೇ ಬೇಕಾದರೆ ಕುದುರೆಗೆಂದೇ ಬರೆದಿರುವುದನ್ನು ವೈದ್ಯರನ್ನು ಕೇಳಿ ತನ್ನಿ. ಚೀಟಿಯಿಲ್ಲದ ಸೀಸೆಯನ್ನು ಮುಟ್ಟಬೇಡಿ, ಬಿಲ್ಲಿಲ್ಲದೆ ಅಂಗಡಿಯಿಂದ ಹೊರಡಬೇಡಿ.

ಈಗಾಗಲೇ ಹಚ್ಚಿದ್ದರೆ ಕೂಡಲೇ ಸೋಪಿನ ನೀರಿನಿಂದ ಮೈಯೆಲ್ಲ ತೊಳೆಯಿರಿ, ಲದ್ದಿ ಕಡಿಮೆಯಾಗುವುದನ್ನು ಕಾಯದೆ ಪಶುವೈದ್ಯರನ್ನು ಕರೆಸಿ, ಹಚ್ಚಿದ್ದು ಅಮಿಟ್ರಾಜ್ ಎಂದು ಅವರಿಗೆ ಮೊದಲ ಮಾತಿನಲ್ಲೇ ತಿಳಿಸಿ.