ಅಪ್ಪನ ಮೆಟ್ರೋ ಪಾಸು: 25% ಕಮ್ಮಿ ಅಂತ ತಗೊಂಡು 155 ರೂಪಾಯಿ ಕಳ್ಕೊಂಡ ಕಥಿ

ಮುಂಬೈದಾಗ ನಮ್ಮ ಬಿಲ್ಡಿಂಗ್‌ನಾಗ ಮೂರು ಮಂದಿ ಹಿರಿಯರು ಕೇಳಿದ್ರು, "ಏನಪಾ, ನಿಮ್ಮ ಅಪ್ಪಾರಿಗೆ ಮೆಟ್ರೋದಾಗ ಕನ್ಸೆಶನ್ ಸಿಗ್ತದಂತಲ್ಲ, ನಮಗೂ ಸ್ವಲ್ಪ ಮಾಡ್ಸಿಕೊಡು" ಅಂತ. ಸಿಗ್ತದ್ರಿ, ಸುಳ್ಳಲ್ಲ. ಆದ್ರ ಪಾಸ್ ತಗೊಳ್ಳೂಕಿಂತ ಮೊದ್ಲ ತಿಂಗಳಿಗೆ ಎಷ್ಟು ಸಲ ಹೋಗ್ತೀರಿ ಅಂತ ಬೆರಳು ಮಡಚಿ ಎಣಿಸ್ರಿ. ನಾ ಎಣಿಸ್ಲಿಲ್ಲ, ಅದಕ್ಕ ಇಲ್ಲಿ ಬರೀಲಿಕತ್ತೀನಿ.

ನಾವಿರೂದು ಕಾಂದಿವಲಿ ವೆಸ್ಟ್, ಅಕ್ಕ ಇರೂದು ಗೋರೆಗಾಂವ್ ವೆಸ್ಟ್. ಸೋಮವಾರ, ಬುಧವಾರ, ಶುಕ್ರವಾರ ಅಪ್ಪ ಹೋಗಿ ಮೊಮ್ಮಗಳನ್ನ ಸಾಲಿಯಿಂದ ಕರ್ಕೊಂಡು ಬಂದು, ಅಕ್ಕ ಆಫೀಸಿಂದ ಬರೂ ತನಕ ಕುಂತು, ಚಾ ಕುಡ್ದು ವಾಪಸ್ ಬರ್ತಾರ. ಮೊದ್ಲ ಲೋಕಲ್ ರೈಲಿನಾಗ ಹೋಗ್ತಿದ್ರು, ವಯಸ್ಸು 67, ಮೊಣಕಾಲು ಎರಡೂ ಕೈಕೊಟ್ಟಾವ, ಬ್ರಿಜ್ ಹತ್ತಿ ಇಳಿಯೂದ್ರಾಗ ಅರ್ಧ ಜೀವ ಹೋಗ್ತಿತ್ತು. 2023ರ ಜನವರಿಯಾಗ ಮೆಟ್ರೋ 2ಎ ಲೈನ್ ದಹಿಸರ್‌ದಿಂದ ಅಂಧೇರಿ ವೆಸ್ಟ್ ತನಕ ಪೂರ್ತಿ ಆತಲ್ಲ, ಅವತ್ತಿಂದ ಅವರು ಲೋಕಲ್ ಹೆಸರ ತಗದಿಲ್ಲ. ಲಿಫ್ಟ್ ಅದ, ಏಸಿ ಅದ, ಹೆಚ್ಚಿನ ದಿನ ಕೂಡ್ಲಿಕ್ಕೂ ಜಾಗ ಸಿಗ್ತದ. ಇಷ್ಟಕ್ಕ ಪೂರ್ತಿ ರೊಕ್ಕ ಕೊಟ್ರೂ ನನಗ ಬ್ಯಾಸರಿಲ್ಲ.

2023 ಮೇ 1ರಿಂದ 2ಎ ಮತ್ತ 7 ಈ ಎರಡು ಲೈನ್‌ನಾಗ 65 ದಾಟಿದವರಿಗೆ, ದಿವ್ಯಾಂಗರಿಗೆ, 12ನೇ ಕ್ಲಾಸ್ ತನಕದ ಹುಡುಗರಿಗೆ 25% ರಿಯಾಯಿತಿ ಶುರು ಆಗ್ಯದ. ಮೆಟ್ರೋದ ಮುಂಬೈ-1 ಕಾರ್ಡ್ ಬೇಕು, ಸ್ಟೇಷನ್ ಕೌಂಟರ್‌ನಾಗ ವಯಸ್ಸಿನ ಪುರಾವೆ ತೋರಿಸ್ಬೇಕು, ದಿವ್ಯಾಂಗರಾದ್ರ ಸರ್ಟಿಫಿಕೇಟು. ಇದ ಕಾರ್ಡು ಬೆಸ್ಟ್, ಅಂದ್ರ ಮುಂಬೈ ಸಿಟಿ ಬಸ್ಸಿನಾಗೂ ನಡೀತದ. ಮತ್ತ ಮುಂಬೈ ವನ್ ಅಂತ ಆ್ಯಪ್ ಒಂದು ಬಂದದಲ್ಲ, ಅದು ಬ್ಯಾರೆ, ಈ ಕಾರ್ಡು ಬ್ಯಾರೆ, ಹೆಸರು ಕೇಳಿ ಗೊಂದಲ ಮಾಡ್ಕೋಬ್ಯಾಡ್ರಿ.

ಈಗ ಲೆಕ್ಕಕ್ಕ ಬರೂಣು. ಈ 25% ಇರೂದು ಟ್ರಿಪ್ ಪಾಸಿನ ಮ್ಯಾಲ, 45 ಟ್ರಿಪ್ಪಿಂದು ಇಲ್ಲ 60 ಟ್ರಿಪ್ಪಿಂದು, ಮುದ್ದತ್ತು 30 ದಿನ. ಕಾಂದಿವಲಿಯಿಂದ ಗೋರೆಗಾಂವ್‌ಗೆ 20 ರೂಪಾಯಿ, 45 ಸಲಕ್ಕ 900, ಅದರಾಗ ಕಾಲು ಭಾಗ ಹೋದ್ರ 675. ನಾ ಇಷ್ಟ ನೋಡಿ ಅರೆ ವಾ ಅಂತ ತಗೊಂಡುಬಿಟ್ಟೆ. ಅಪ್ಪ ಹೋಗೂದು ವಾರಕ್ಕ ಮೂರು ದಿನ, ತಿಂಗಳಿಗೆ 13 ದಿನ, ಹೋಗಿ ಬಂದು 26 ಟ್ರಿಪ್ಪು. ಬಿಡಿ ಟಿಕೆಟ್ ತಗೊಂಡಿದ್ರ 520ರಾಗ ಮುಗೀತಿತ್ತು! ಕಮ್ಮಿ ಅಂದ್ರ 34 ಟ್ರಿಪ್ ಆದ್ರಷ್ಟ ಈ ಪಾಸು ಮೈಗೆ ಹತ್ತೂದು. ತಪ್ಪು ನಂದ ಬಿಡ್ರಿ, ಆದ್ರೂ ರಿಟೈರ್ ಆದವರು ತಿಂಗಳಿಗೆ 45 ಸಲ ಎಲ್ಲಿಗೆ ಹೋಗ್ತಾರ? ಇದು ಆಫೀಸಿಗೆ ಹೋಗೂ ಮಂದಿ ಲೆಕ್ಕ. ದಿನಾ ಕಾಲೇಜಿಗೆ ಹೋಗೂ 11ನೇ ಕ್ಲಾಸಿನ ಹುಡುಗರಿಗೆ ಮಾತ್ರ ಕಣ್ಣು ಮುಚ್ಚಿ ಮಾಡಿಸ್ರಿ.

ನಮ್ಮ ಅಜ್ಜಿದು ನೋಡ್ರಿ, ಅಕ್ಕಲಕೋಟದಾಗ ಇರ್ತಾಳ, ವಯಸ್ಸು 75 ದಾಟ್ಯದ. 2022 ಆಗಸ್ಟ್ 26ರಿಂದ ಎಸ್‌ಟಿ, ಅಂದ್ರ ಮಹಾರಾಷ್ಟ್ರದ ಸರಕಾರಿ ಬಸ್ಸಿನಾಗ 75 ದಾಟಿದವರಿಗೆ ಪುಕ್ಕಟ, 65ರಿಂದ 75ರ ತನಕ ಅರ್ಧ ಟಿಕೆಟ್. ಪಾಸಿಲ್ಲ, ಟ್ರಿಪ್ ಎಣಿಸೂದಿಲ್ಲ. ಕಂಡಕ್ಟರ್ "ಆಜಿ, ಆಧಾರ್?" ಅಂದಕೂಡ್ಲೆ ಎಲಿ-ಅಡಕಿ ಸಂಚಿ ಬಿಚ್ಚಿ, ಸುಣ್ಣ ಹತ್ತಿದ ಪ್ಲಾಸ್ಟಿಕ್ ಕವರಿನಾಗಿಂದ ಕಾರ್ಡು ತಗೀತಾಳ, ಆತು, ಸೊಲ್ಲಾಪುರಕ್ಕ ಹೋಗಿ ಬಂದಳು. ತಿಂಗಳಿಗೆ ಒಂದ ಸಲ ಹೋದ್ರೂ ಅಷ್ಟ, ಹತ್ತು ಸಲ ಹೋದ್ರೂ ಅಷ್ಟ. ಕಲಬುರಗಿ ಕಡೆ ಹೋಗೂದಿದ್ರ ಮಾತ್ರ ತಾಪತ್ರಯ, ಎಸ್‌ಟಿ ರಿಯಾಯಿತಿ ಮಹಾರಾಷ್ಟ್ರದ ಗಡಿ ತನಕ, ಆ ಕಡಿ ಶಕ್ತಿ ಯೋಜನೆಯಾಗ ಫ್ರೀ ಹೋಗ್ಬೇಕಂದ್ರ ಕರ್ನಾಟಕದ ವಿಳಾಸ ಬೇಕು. ಹುಟ್ಟಿದಾಗಿಂದ ಕನ್ನಡ ಬಿಟ್ಟು ಬ್ಯಾರೆ ಮಾತಾಡಿಲ್ಲ ಆಕಿ, ಆದ್ರ ಆಧಾರ್ ಮಹಾರಾಷ್ಟ್ರದ್ದು.

ರೈಲ್ವೇದ್ದು ಕೇಳಬ್ಯಾಡ್ರಿ. ಅಪ್ಪಗ 60 ಆಗಿದ್ದು 2019ರಾಗ, ಒಂದ ಸಲ ಸಿದ್ಧೇಶ್ವರ ಎಕ್ಸ್‌ಪ್ರೆಸ್ಸಿನಾಗ 40% ಕಮ್ಮಿ ಸಿಕ್ಕಿತ್ತು, 2020 ಮಾರ್ಚ್‌ದಾಗ ಆ ಸವಲತ್ತ ಬಂದ್.

ಸ್ಟಾರ್ ಕೊಡೂದಾದ್ರ ಕಾರ್ಡಿಗೆ 4, ಹಿರಿಯರ ಪಾಸಿಗೆ 2.

ಪಾಸಿನ ಮುದ್ದತ್ತು ಮುಗಿಯೂ ಹಿಂದಿನ ದಿನ ಮಧ್ಯಾಹ್ನ ಅಪ್ಪ ಮನ್ಯಾಗಿಲ್ಲ, ಅಕ್ಕನ ಮನಿಗೆ ಹೋಗೂ ದಿನಾನೂ ಅಲ್ಲ. ಫೋನ್ ಮಾಡಿದ್ರ ಹಿಂದ ಮೆಟ್ರೋ ಅನೌನ್ಸ್‌ಮೆಂಟ್ ಕೇಳಿಸ್ಲಿಕತ್ತದ. "ಎಲ್ಲಿದ್ದೀರಪ್ಪಾ?" ಅಂದೆ. "ಗೋರೆಗಾಂವ್‌ನಾಗ. 19 ಟ್ರಿಪ್ ಉಳಿದಿದ್ವಲ್ಲೋ, ರೊಕ್ಕ ಕೊಟ್ಟು ಸುಮ್ನ ಬಿಡ್ಲೇನು? ಮುಂಜಾನಿಂದ ಇದು ಮೂರನೇ ರೌಂಡು. ಏಸಿ ಛಲೋ ಅದ."